ಎತ್ತರವೋ, ಎಚ್ಚರವೋ: ಮೈನ್‌ಕ್ರಾಫ್ಟ್‌ನಲ್ಲಿ ಎರಡು ಊರಿಗೆ ಮಾತು ಮುಟ್ಟಿಸಿದ್ದು

ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಕಂಪ್ಯೂಟರ್ ಆಟ ಮೈನ್‌ಕ್ರಾಫ್ಟ್‌ನೊಳಗೆ ನನ್ನದೊಂದು ಕಾರವಾರ ಇದೆ, ಅಕ್ಕನ ಮಗನದೊಂದು ಶಿರಸಿ ಇದೆ. ನಿಜದಲ್ಲಿ ಅದಲುಬದಲು: ನಾನು ಶಿರಸಿಯವನು, ಅವನು ಕಾರವಾರದಲ್ಲಿ ಓದುತ್ತಿರುವವನು. ಕಡಲಿಲ್ಲದ ಊರಿನವನು ಆಟದಲ್ಲಿ ಬಂದರು ಕಟ್ಟಿದೆ, ದಿನಾ ಕಡಲು ನೋಡಿ ಬೇಸತ್ತವನು ಕಾಡು ಹುಡುಕಿಕೊಂಡು ಹೋದ. ಅವನ ಶಿರಸಿಗೆ ಘಟ್ಟವೇ ಇಲ್ಲ. ಎರಡೂ ಊರು ಎತ್ತರದಲ್ಲಿ 64ನೆಯ ಮಟ್ಟದಲ್ಲೇ ಇವೆ. ನಡುವಿನ ದೂರ 360 ಬ್ಲಾಕ್.

ಅವನ ಶಿರಸಿಯಲ್ಲಿ ಮರ ಕಡಿದು ಪೆಟ್ಟಿಗೆ ತುಂಬಿಸುವ ಯಂತ್ರವಿದೆ. ಪೆಟ್ಟಿಗೆ ತುಂಬಿದ ಸುದ್ದಿ ನನ್ನ ಬಂದರಿನ ಕಂಪ್ಯೂಟರಿಗೆ ತಾನಾಗಿಯೇ ಬರಬೇಕು ಎಂಬುದಷ್ಟೇ ನಮ್ಮ ಆಸೆ. ಆಟದೊಳಗೆ ಲುವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಬಿಡುವ ಕಂಪ್ಯೂಟರ್‌ಕ್ರಾಫ್ಟ್ ಎಂಬ ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಸೇರ್ಪಡೆ) 2011ರಲ್ಲಿ ಬಂದಿತು. ನಾವು ಬಳಸುವುದು ಅದರ ಮುಂದುವರಿಕೆಯಾದ ಸಿಸಿ ಟ್ವೀಕ್ಡ್. ನನ್ನ ಲ್ಯಾಪ್‌ಟಾಪ್ ಹಳೆಯದು, ಹಾಗಾಗಿ ಆಟವೂ ಹಳೆಯ 1.12.2. ಕೆಳಗಿನ ಎತ್ತರದ ಲೆಕ್ಕಗಳೆಲ್ಲ ಆ ಆವೃತ್ತಿಯವು, ಅಲ್ಲಿ ಲೋಕದ ಎತ್ತರ 256ಕ್ಕೆ ಮುಗಿಯುತ್ತದೆ.

ಸಾದಾ ವೈರ್‌ಲೆಸ್ ಮೋಡೆಮ್ ನೆಲದಲ್ಲಿದ್ದರೆ 64 ಬ್ಲಾಕ್ ದೂರ ಮಾತ್ರ ಮುಟ್ಟುತ್ತದೆ. ನಮಗೆ ಬೇಕಾದದ್ದು 360.

ಕೇಬಲ್ ಎಳೆಯುವುದನ್ನು ಒಂದು ಸಂಜೆ ಯೋಚಿಸಿ ಬಿಟ್ಟೆವು. 360 ಬ್ಲಾಕ್ ಅಗೆದು ಹೂಳುವಷ್ಟು ಪುರುಸೊತ್ತು ಇದ್ದಿದ್ದರೆ ಮನೆಯ ಅಡಿಕೆ ತೋಟದ ಕಪ್ಪನ್ನೇ (ನೀರು ಬಸಿಯುವ ಕಾಲುವೆ) ಬಿಡಿಸಬಹುದಿತ್ತು.

ಮೊದಲು ಹಿಡಿದದ್ದು ಸಾಲುಕಂಬದ ದಾರಿ. 60 ಬ್ಲಾಕಿಗೊಂದರಂತೆ ನಡುವೆ ಐದು ಕಂಪ್ಯೂಟರ್ ಇಟ್ಟು, ಪ್ರತಿಯೊಂದಕ್ಕೂ ಒಂದು ಮೋಡೆಮ್ ಅಂಟಿಸಿ, ರಿಪೀಟ್ ಎಂಬ ಪ್ರೋಗ್ರಾಂ ಓಡಿಸುವುದು. ಅದು ಮಾಡ್‌ನಲ್ಲೇ ಬರುತ್ತದೆ, ಒಂದು ಸಾಲೂ ಬರೆಯಬೇಕಾಗಿಲ್ಲ. ಮಾಡ್‌ನದೇ ಸಂದೇಶ ವ್ಯವಸ್ಥೆಯಾದ ರೆಡ್‌ನೆಟ್ ಮೂಲಕ ಕಳಿಸಿದ ಸಂದೇಶವನ್ನು ಕೇಳಿಸಿಕೊಂಡು ಮತ್ತೆ ಕೂಗುವುದಷ್ಟೇ ಅದರ ಕೆಲಸ. ಒಂದೇ ಸಂದೇಶವನ್ನು ಎರಡೆರಡು ಸಲ ಕೂಗದಷ್ಟು ಬುದ್ಧಿಯೂ ಅದಕ್ಕಿದೆ. ಆದರೆ ರೆಡ್‌ನೆಟ್ ಬಿಟ್ಟು ನೇರವಾಗಿ ಮೋಡೆಮ್‌ನಿಂದ ಕಳಿಸಿದ ಮಾತನ್ನು ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ಕಂಪ್ಯೂಟರಿಗೆ ಏಳು ಕಲ್ಲು, ಒಂದು ರೆಡ್‌ಸ್ಟೋನ್, ಒಂದು ಗಾಜಿನ ಫಲಕ ಸಾಕು. ಮೋಡೆಮ್‌ಗೆ ಎಂಟು ಕಲ್ಲಿನ ಜೊತೆ ಒಂದು ಎಂಡರ್ ಮುತ್ತು ಬೇಕು. ಕಲ್ಲಿಗೆ ಬರವಿಲ್ಲ, ಮುತ್ತಿಗಾಗಿ ನಾಲ್ಕು ರಾತ್ರಿ, ಕೊಂದರೆ ಅದನ್ನು ಬೀಳಿಸುವ ಎಂಡರ್‌ಮ್ಯಾನ್ ಎಂಬ ಜೀವಿಗಳ ಕೈಯಲ್ಲಿ ಏಟು ತಿಂದೆ.

ಸಾಲು ಮುಗಿಸಿ, ನಡುವಿನ ಕಂಬದ ಹತ್ತಿರ ನಿಂತು ಪರೀಕ್ಷಿಸಿದರೆ ಎಲ್ಲವೂ ಸರಿ. ಬಂದರಿಗೆ ಬಂದು ಕುಳಿತರೆ ಸುದ್ದಿಯೇ ಇಲ್ಲ. ಆಟದಲ್ಲಿ ಆಗ ಗುಡುಗು ಮಳೆ. ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆಯವರ ರಕ್ತದಲ್ಲೇ ಇರುವುದರಿಂದ ನಾನು ಬೇರೆ ಕಾರಣ ಹುಡುಕಲೇ ಇಲ್ಲ. ಮಾಡ್‌ನ ಸೆಟ್ಟಿಂಗ್ ಕಡತದಲ್ಲಿ ಬಿರುಗಾಳಿಯ ದೂರಕ್ಕೆ ಬೇರೆಯೇ ಸಾಲು ಇರುವುದು ನಿಜ. ತೆರೆದು ನೋಡಿದರೆ ಅಲ್ಲಿಯೂ 64 ಎಂದೇ ಬರೆದಿತ್ತು. ಮಳೆ ನಿರಪರಾಧಿ.

ಹಾಗಾದರೆ ಐದು ಕಂಬದ ಸಾಲೇ ದುರ್ಬಲ, ಎತ್ತರದ ಒಂದೇ ಗೋಪುರ ಬೇಕು ಎಂದು ತೀರ್ಮಾನಿಸಿದೆ. ಹೀಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಶಾಲೆಗಳು ಮುಚ್ಚಿದ್ದ 2020ರಲ್ಲಿ ನಮ್ಮ ಸುತ್ತಿನ ಮಕ್ಕಳು ಪಾಠ ಕೇಳಲು ಗುಡ್ಡದ ನೆತ್ತಿಗೆ ಹೋಗಿ ಕೊಡೆ ಹಿಡಿದು ಕುಳಿತಿದ್ದನ್ನು ಕಂಡವನು ನಾನು.

ಆಟದಲ್ಲಿ ಎತ್ತರದ ಲೆಕ್ಕ ಸೊಗಸಾಗಿದೆ. 96ನೆಯ ಮಟ್ಟದವರೆಗೆ ಏರಿದರೆ ನಯಾಪೈಸೆ ಲಾಭವಿಲ್ಲ. ಅಲ್ಲಿಂದ ಮೇಲೆ ಒಂದು ಬ್ಲಾಕ್ ಏರಿದರೆ ಸುಮಾರು ಎರಡು ಬ್ಲಾಕ್ ದೂರ ಸಿಗುತ್ತದೆ. ತುತ್ತತುದಿಯಾದ 255ರಲ್ಲಿ 384. ಆದರೆ ಈ ದೂರ ನೆಲದ ಮೇಲಿನದಲ್ಲ, ಓರೆಯಾಗಿ ಅಳೆದದ್ದು. 96ರಲ್ಲಿ ನಿಂತ ಮೋಡೆಮ್ 64ರ ನೆಲವನ್ನು ನೋಡಿದರೆ ಅಡ್ಡಲಾಗಿ ಮುಟ್ಟುವುದು 55 ಮಾತ್ರ, ಅಂದರೆ ಅರೆಬರೆ ಏರುವುದಕ್ಕಿಂತ ನೆಲದಲ್ಲೇ ಇರುವುದು ಮೇಲು. 170ಕ್ಕೆ ಏರಿದರೆ 184. ತುದಿಯಿಂದ 333. ಇನ್ನೊಂದು ಅನುಕೂಲವೆಂದರೆ, ಇಬ್ಬರಲ್ಲಿ ಯಾರ ವ್ಯಾಪ್ತಿ ದೊಡ್ಡದೋ ಅದನ್ನೇ ಇಬ್ಬರಿಗೂ ಲೆಕ್ಕ ಹಿಡಿಯುತ್ತಾರೆ. ಮೇಲಿರುವವನ ಕೂಗು ಕೆಳಗಿನವನಿಗೆ ಕೇಳಿಸಿದರೆ ಕೆಳಗಿನವನ ಪಿಸುಮಾತೂ ಮೇಲಕ್ಕೆ ಕೇಳಿಸುತ್ತದೆ. ಹಾಗಾಗಿ ಒಂದೇ ಮೋಡೆಮ್ ಮೇಲಿದ್ದರೆ ಸಾಕು.

ಗೋಪುರ ಕಟ್ಟಲೂ ಬೇಕಿಲ್ಲ. ಟರ್ಟಲ್ ಎಂಬ ನಡೆದಾಡುವ ಯಂತ್ರವನ್ನು (ನಮ್ಮ ಮನೆಮಾತಿನಲ್ಲಿ ಆಮೆ) ಮೋಡೆಮ್ ಸಮೇತ ಮೇಲಕ್ಕೆ ಕಳಿಸಿದರೆ ಅದು ಗಾಳಿಯಲ್ಲೇ ನಿಲ್ಲುತ್ತದೆ, ಬೀಳುವುದಿಲ್ಲ. ಒಂದು ಹೆಜ್ಜೆಗೆ ಒಂದು ಅಂಶ ಇಂಧನ. ಒಂದು ಕಲ್ಲಿದ್ದಲಿಗೆ 80 ಹೆಜ್ಜೆ. ಸರಿಯಾಗಿ ನಡುವೆ, ಎರಡೂ ಕಡೆಗೆ 180 ಬರುವಂತೆ, ಎರಡು ಕಲ್ಲಿದ್ದಲು ತಿನ್ನಿಸಿ 170ಕ್ಕೆ ಏರಿಸಿದೆ. ಅದಕ್ಕೆ ನಮ್ಮ ಘಟ್ಟದ ದೇವಿಮನೆಯದೇ ಹೆಸರು. ಕೆಳಗೆ ನಿಂತು ನೋಡಿದಾಗ ಕೆಲಸ ಮಾಡಿತು, ಮನೆಗೆ ಬಂದಾಗ ಸತ್ತಿತು. ಮತ್ತೆ ಅದರ ಕೆಳಗೆ ಹೋಗಿ ನಿಂತರೆ ಈ ಸಲ ಏಳಲೂ ಇಲ್ಲ. ಎರಡು ಕಟ್ಟು ಮಣ್ಣು ಹೊತ್ತು, ಕಾಲಡಿಗೆ ಒಂದೊಂದೇ ಹೆಂಟೆ ಇಡುತ್ತ 106 ಬ್ಲಾಕ್ ಹತ್ತಿದೆ. ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗೌಡರು ಮರದಿಂದ ಮರಕ್ಕೆ ದಾಟುವುದನ್ನು ಅಂಗಳದಲ್ಲಿ ನಿಂತು ನೋಡಿದ್ದೇ ನನಗಿದ್ದ ಅನುಭವ. ಮೇಲೆ ಹೋದರೆ ಆಮೆಯ ಪರದೆಯಲ್ಲಿ ಬರಿಯ ಕರ್ಸರ್ ಮಿಟುಕುತ್ತಿತ್ತು, ರಿಪೀಟ್ ಓಡುತ್ತಿರಲಿಲ್ಲ. ಯಂತ್ರ ಎದ್ದೊಡನೆ ರಿಪೀಟನ್ನು ತಾನೇ ಓಡಿಸುವ ಸ್ಟಾರ್ಟಪ್ ಕಡತವನ್ನು ಕಂಬಗಳಿಗೆ ಬರೆದವನು ಆಮೆಗೆ ಬರೆದಿಡಲು ಮರೆತಿದ್ದೆ, ಸರಿ. ಆದರೆ ಅದು ಆರಿದ್ದು ಯಾಕೆ?

ಉತ್ತರ ಸಿಕ್ಕಿದ್ದು ಹಳೆಯ ಸಾಲುಕಂಬಗಳಲ್ಲಿ. ರಿಪೀಟ್ ಓಡುವಾಗ ಎಷ್ಟು ಸಂದೇಶ ದಾಟಿಸಿದೆ ಎಂದು ಪರದೆಯ ಮೇಲೆ ಎಣಿಸುತ್ತಿರುತ್ತದೆ. ಹುಡುಗ ತನ್ನ ಊರಿನಲ್ಲೇ ಕುಳಿತಿದ್ದ, ನಾನು ಬಂದರಿನಿಂದ ಸಂದೇಶ ಕಳಿಸಿ ಒಂದೊಂದೇ ಕಂಬ ನೋಡುತ್ತ ಹೊರಟೆ. ಮೊದಲನೆಯದರಲ್ಲಿ 41, ಎರಡನೆಯದರಲ್ಲಿ 41, ಮೂರನೆಯದರಲ್ಲಿ ಸೊನ್ನೆ. ಮುಂದಿನ ಎರಡರಲ್ಲಿ ಅವನು ಕಳಿಸಿದವುಗಳ ಲೆಕ್ಕ. ಇನ್ನೊಂದು ದಿನ ಅವನೇ ಆ ಮೂರನೆಯದರ ಹತ್ತಿರ ಹೋಗಿ ಬಂದು ಹೇಳಿದ: "ಮಾವ, ನಾನು ಹೋದರೆ ಅದು ಎದ್ದು ಕೂರುತ್ತದೆ, ಈಚೆ ಬಂದರೆ ಮಲಗುತ್ತದೆ."

ಅಷ್ಟೇ ಸಂಗತಿ. ಆಟವು ಲೋಕವನ್ನು 16 ಬ್ಲಾಕ್ ಅಗಲದ ಚಂಕ್‌ಗಳಾಗಿ ಹೋಳು ಮಾಡಿ, ಆಟಗಾರನ ಸುತ್ತಲಿನ ಹೋಳುಗಳನ್ನು ಮಾತ್ರ ಎಚ್ಚರ ಇಟ್ಟಿರುತ್ತದೆ. ಸರ್ವರ್‌ನ ವಾಡಿಕೆಯ ಸೆಟ್ಟಿಂಗ್ ಎತ್ತ ಹೋದರೂ ಹತ್ತು ಚಂಕ್, ಅಂದರೆ 160 ಬ್ಲಾಕಿನಷ್ಟು. ನಾನು ಬಂದರಿನಲ್ಲಿ, ಅವನು ಕಾಡಿನಲ್ಲಿ. 180ರಲ್ಲಿರುವ ನಡುವಿನದು ಇಬ್ಬರಿಗೂ ಹೊರಗೆ. ಅಲ್ಲಿನ ಕಂಪ್ಯೂಟರ್ ಆರಿಹೋಗುತ್ತದೆ, ಆಕಾಶದ ಆಮೆಯೂ ಆರುತ್ತದೆ. ನಾವು ಪರೀಕ್ಷೆ ಮಾಡಲು ಹೋದಾಗಲೆಲ್ಲ ನಾವೇ ಅದನ್ನು ಎಬ್ಬಿಸುತ್ತಿದ್ದೆವು. ನಮ್ಮೂರ ಗುಡ್ಡದ ಮೇಲೂ ಭರ್ಜರಿ ಎತ್ತರದ ಮೊಬೈಲ್ ಗೋಪುರವೊಂದಿದೆ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಅದೂ ಮಲಗುತ್ತದೆ, ಆಮೇಲೆ ಅದರ ಬುಡದಲ್ಲಿ ನಿಂತರೂ ಸಿಗ್ನಲ್ ಇಲ್ಲ. ಇಷ್ಟು ವರ್ಷ ಅದನ್ನು ಬೈದುಕೊಂಡು ಬಂದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಮೂರನೆಯ ದಾರಿ ಎಂಡರ್ ಮೋಡೆಮ್. ಎಂಟು ಚಿನ್ನದ ಗಟ್ಟಿ, ನಡುವೆ ಎಂಡರ್ ಕಣ್ಣು. ಕಣ್ಣಿಗೆ ಬ್ಲೇಜ್ ಪುಡಿ ಬೇಕು, ಪುಡಿಗೆ ನೆದರ್ ಎಂಬ ಆಟದ ಇನ್ನೊಂದು ಲೋಕಕ್ಕೆ ಹೋಗಬೇಕು. ನಾನು ಅಲ್ಲಿನ ಲಾವಾದಲ್ಲಿ ಎರಡು ಸಲ ಸಾಮಾನು ಸಮೇತ ಬೆಂದೆ. ಕೊಟ್ಟ ಬೆಲೆಗೆ ಮೋಸವಿಲ್ಲ: ಅದಕ್ಕೆ ದೂರದ ಮಿತಿಯೇ ಇಲ್ಲ, ಲೋಕದಿಂದ ಲೋಕಕ್ಕೂ ಮಾತು ದಾಟುತ್ತದೆ. ಬಹಳ ಮಂದಿ ಎರಡು ತುದಿಗೂ ಒಂದೊಂದು ಮಾಡುತ್ತಾರೆ, ಅದು ವ್ಯರ್ಥ. ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಯ ಸಾದಾ ಮೋಡೆಮ್ ಕಳಿಸಿದ್ದೂ ಬಂದು ಸೇರುತ್ತದೆ. ಅಳಿಯ ನೆದರ್‌ನಿಂದ ಸಾದಾ ಮೋಡೆಮ್‌ನಲ್ಲಿ ಕಳಿಸಿದ ಸಂದೇಶ ನನ್ನ ಬಂದರಿಗೆ ಬಂದಿತು. ಬೇರೆ ಲೋಕದಿಂದ ಬಂದುದಕ್ಕೆ ದೂರದ ಅಂಕಿ ಇರುವುದಿಲ್ಲವಾದ್ದರಿಂದ, ದೂರವನ್ನು ಬರೆದಿಡುತ್ತಿದ್ದ ನನ್ನ ಪ್ರೋಗ್ರಾಂ ಅಲ್ಲೇ ಮುಗ್ಗರಿಸಿತು. ಆದರೆ ಈ ಮೋಡೆಮ್ ಕೂಡ ಯಾರ ಚಂಕನ್ನೂ ಎಚ್ಚರ ಇಡುವುದಿಲ್ಲ. ಅವನು ಆಟ ಮುಚ್ಚಿ ಊಟಕ್ಕೆ ಎದ್ದರೆ ಅವನ ಶಿರಸಿಯೇ ಆರುತ್ತದೆ, ಕೇಳುವ ಕಿವಿ ಎಷ್ಟು ದೊಡ್ಡದಾದರೇನು.

ಸೆಟ್ಟಿಂಗ್ ಕಡತದಲ್ಲಿ 64ನ್ನು ಅಳಿಸಿ 500 ಎಂದು ಬರೆಯುವ ದಾರಿಯೂ ಇದೆ. ಸರ್ವರ್ ಓಡುವುದು ಅವನ ಕಂಪ್ಯೂಟರಿನಲ್ಲಾದ್ದರಿಂದ ಒಂದು ಸಂಜೆ ಅವನು ಬರೆದೂ ಬಿಟ್ಟ. ಒಂದು ನಿಮಿಷದ ಕೆಲಸ, ತಪ್ಪಿಲ್ಲದೆ ನಡೆಯಿತು. ಗಾಳ ಹಿಡಿದುಕೊಂಡು ಹೋದವನು ಪೇಟೆಯಲ್ಲಿ ಬಂಗಡೆ ಕೊಂಡು ತಂದ ಹಾಗಾಯಿತು. ಮೇಲಾಗಿ ನೆಲದ ಅಂಕಿ ಎತ್ತರದ ಅಂಕಿಯಾದ 384ನ್ನು ಮೀರಿದರೆ ಏರಿದ್ದಕ್ಕೆ ಏನೂ ಲಾಭ ಸಿಗುವುದಿಲ್ಲ, ನನ್ನ ಆಮೆಗೆ ಕೆಲಸವೇ ಹೋಗುತ್ತದೆ. ಮರುದಿನ ತೆಗೆಸಿದೆ.

ಕೊನೆಗೆ ಗೆದ್ದದ್ದು ಆಮೆಯೇ, ಜಾಗ ಬದಲಾಯಿಸಿದ ಮೇಲೆ. ನಡುದಾರಿಯ ಹಟ ಬಿಟ್ಟು, ನನ್ನ ಬಂದರಿನಿಂದ ಅಳಿಯನ ಊರಿನ ಕಡೆಗೆ 60 ಬ್ಲಾಕ್ ಮಾತ್ರ ನಡೆಸಿ, ಅಲ್ಲಿಂದ ನೇರ ತುದಿಗೆ ಏರಿಸಿದೆ. ಎಣಿಸುವ ಕಷ್ಟವೂ ಇಲ್ಲ. ಇನ್ನು ಏರಲಾರೆ, ಎತ್ತರ ಹೆಚ್ಚಾಯಿತು ಎಂದು ಅದು ಹೇಳುವವರೆಗೆ ಏರಿಸುತ್ತಿದ್ದರಾಯಿತು. ಒಟ್ಟು 251 ಹೆಜ್ಜೆ, ನಾಲ್ಕು ಕಲ್ಲಿದ್ದಲು. ಅಲ್ಲಿಂದ ಅವನ ಊರಿಗೆ ಅಡ್ಡಲಾಗಿ 300, ಮುಟ್ಟುವುದು 333. ನಾನು ಮನೆಯಲ್ಲಿದ್ದಷ್ಟು ಹೊತ್ತೂ ಅದು ನನ್ನ ಸುತ್ತಿನೊಳಗೇ ಇರುವುದರಿಂದ ಆರುವ ಮಾತಿಲ್ಲ. ನಾನು ಆಟ ಬಿಟ್ಟು ಮತ್ತೆ ಬಂದರೆ ಸ್ಟಾರ್ಟಪ್ ಕಡತ ರಿಪೀಟನ್ನು ತಾನೇ ಓಡಿಸುತ್ತದೆ. ಒಂದು ಮುತ್ತಿನಲ್ಲಿ ಆಗುವ ಕೆಲಸಕ್ಕೆ ಐದು ಮುತ್ತು ಸುರಿದಿದ್ದೆ.

ಎಂಡರ್ ಮೋಡೆಮ್ ಈಗ ಪೆಟ್ಟಿಗೆಯಲ್ಲಿದೆ. ನೆದರ್‌ನಲ್ಲಿ ಗಣಿ ತೋಡುವ ದಿನ ಹೊರಗೆ ತೆಗೆಯುತ್ತೇನೆ. ದೇವಿಮನೆಯ ಹತ್ತಿರ ಮಣ್ಣಿನ ಕಂಬ ಹಾಗೆಯೇ ನಿಂತಿದೆ. ಕೆಡವಲು ಮಾವನೇ ಬರಬೇಕು ಎಂದು ಹುಡುಗ ಹಟ ಹಿಡಿದಿದ್ದಾನೆ.