ಕೋಡ್‌ಬರ್ಗ್: ಕೋಡ್ ಬೇಗ ಬರುತ್ತೆ, ಸಿಐ ಸತಾಯಿಸುತ್ತೆ

ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಬಿಡಬೇಕು ಅನ್ನುವ ಓಪನ್ ಸೋರ್ಸ್ ತಂಡಗಳಲ್ಲಿ ಈಗ ಹೆಚ್ಚು ಕೇಳಿಬರುವ ಹೆಸರು ಕೋಡ್‌ಬರ್ಗ್, ಅಂಥದ್ದೇ ಇನ್ನೊಂದು ತಾಣ. ನಡೆಸುವುದು ಬರ್ಲಿನ್‌ನಲ್ಲಿ ನೋಂದಣಿಯಾದ ಲಾಭರಹಿತ ಸಂಘ. ಒಳಗೆ ಓಡುವುದು ಫೋರ್ಜೆಯೊ, ಅಂದರೆ 2022ರ ಕೊನೆಯಲ್ಲಿ ಗಿಟೀ ಎಂಬ ಇಂಥದೇ ತಂತ್ರಾಂಶದಿಂದ ಕವಲೊಡೆದದ್ದು. ಶುಲ್ಕವಿಲ್ಲ, ಆದರೆ ಮುಕ್ತ ಲೈಸೆನ್ಸ್ ಬೇಕೇ ಬೇಕು. ಖಾಸಗಿ ರೆಪೊಗಳನ್ನು (ಕೋಡ್ ಸಂಗ್ರಹಗಳನ್ನು) ಪೇರಿಸಿಡುವ ಜಾಗ ಇದಲ್ಲ.

ಆಮದು ಚೆನ್ನಾಗಿದೆ. ಮೇಲಿನ ಪ್ಲಸ್ ಗುಂಡಿಯಲ್ಲಿ ಮೈಗ್ರೇಶನ್ ಆರಿಸಿ, ಗಿಟ್‌ಹಬ್ ವಿಳಾಸದ ಜೊತೆ ಆಕ್ಸೆಸ್ ಟೋಕನ್ (ಗಿಟ್‌ಹಬ್ ಕೊಡುವ ಗುಪ್ತ ಕೀಲಿ) ಕೊಡಿ. ಟೋಕನ್ ಇಲ್ಲದಿದ್ದರೆ ಗಿಟ್‌ಹಬ್ ಎಪಿಐ ಗಂಟೆಗೆ 60 ಕೋರಿಕೆಗೆ ಬಾಗಿಲು ಹಾಕುತ್ತದೆ, ಇದ್ದರೆ 5000. ಇಶ್ಯೂ (ದೋಷ, ಸಲಹೆಗಳ ದಾಖಲೆ), ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಕೋರಿಕೆ), ಲೇಬಲ್, ರಿಲೀಸ್, ವಿಕಿ ಎಲ್ಲ ಬರುತ್ತವೆ. ಇಶ್ಯೂ ನಂಬರ್ ಬದಲಾಗುವುದಿಲ್ಲ, ಹಾಗಾಗಿ ಹಳೆಯ ಕಮಿಟ್ ಸಂದೇಶಗಳಲ್ಲಿನ ಇಶ್ಯೂ ಉಲ್ಲೇಖಗಳೂ ಕೆಡುವುದಿಲ್ಲ. ಸ್ಟಾರ್, ಸೀಕ್ರೆಟ್, ವೆಬ್‌ಹುಕ್, ಬ್ರಾಂಚ್ ರಕ್ಷಣೆಯ ನಿಯಮಗಳು ಬರುವುದಿಲ್ಲ. ಇದನ್ನು ಬಿಟ್ಟು ಕೈಯಾರೆ ಮಿರರ್ ಕ್ಲೋನ್ (ರೆಪೊದ ಪೂರ್ತಿ ನಕಲು) ಮಾಡಿ ಹಾಗೇ ಮಿರರ್ ಪುಶ್ ಕೊಟ್ಟರೆ, ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ರೆಫ್‌ಗಳು (ಕಮಿಟ್‌ಗಳಿಗೆ ಇಟ್ಟ ಹೆಸರುಗಳು) ತಿರಸ್ಕೃತವಾಗಿ ಪರದೆ ತುಂಬ ಎರರ್. ಬ್ರಾಂಚ್ ಮತ್ತು ಟ್ಯಾಗ್ ಮಾತ್ರ ತಳ್ಳಿದರೆ ಸಾಕು. ಜಿಗ್ ಪ್ರೋಗ್ರಾಮಿಂಗ್ ಭಾಷೆಯ ತಂಡ 2025ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದಾಗ ಹಳೆಯ ಇಶ್ಯೂಗಳನ್ನು ಅಲ್ಲೇ ಬಿಟ್ಟು, ಹೊಸವನ್ನು 30000ದಿಂದ ಎಣಿಸಿತು. ದೊಡ್ಡ ಪ್ರಾಜೆಕ್ಟ್‌ಗೆ ಅದೇ ಜಾಣತನ.

ನಿಜವಾದ ಕೆಲಸ ಸಿಐನಲ್ಲಿದೆ, ಅಂದರೆ ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್, ಪರೀಕ್ಷೆ ನಡೆಸುವ ವ್ಯವಸ್ಥೆಯಲ್ಲಿ. ಅದಕ್ಕಿರುವ ಫೋರ್ಜೆಯೊ ಆಕ್ಷನ್ಸ್ ನೋಡಲು ಗಿಟ್‌ಹಬ್‌ನದರಂತೆಯೇ, ಮೋಸ ಹೋಗುವುದೂ ಅಲ್ಲಿಯೇ. ಸಿಐ ಹಂತಗಳನ್ನು ಬರೆದಿಡುವ ವರ್ಕ್‌ಫ್ಲೋ ಕಡತದಲ್ಲಿ 'ಉಬುಂಟು-ಲೇಟೆಸ್ಟ್' ಎಂದೇ ಉಳಿಸಿದರೆ, ಆ ಲೇಬಲ್‌ನ ರನ್ನರ್ (ಜಾಬ್ ಓಡಿಸುವ ಯಂತ್ರ) ಇಲ್ಲದ ಕಡೆ ಜಾಬ್ ಫೇಲ್ ಕೂಡ ಆಗದೆ ಕಾಯುತ್ತ ಕೂರುತ್ತದೆ. ಹಳದಿ ಚುಕ್ಕೆ ನೋಡುತ್ತ ನೀವೂ ಕೂರುತ್ತೀರಿ! ರನ್ನರ್ ಸಿಕ್ಕ ಮೇಲೆ ಇನ್ನೊಂದು: ಗಿಟ್‌ಹಬ್ ಇಮೇಜಿನಲ್ಲಿ ಮೊದಲೇ ತುಂಬಿರುವ ಕಂಪೈಲರ್, ಬ್ರೌಸರ್‌ಗಳನ್ನು ಇಲ್ಲಿ ನೀವೇ ಇನ್‌ಸ್ಟಾಲ್ ಮಾಡಬೇಕು. ಮೂರನೆಯವರು ಬರೆದಿಟ್ಟ ಸಿದ್ಧ ಹಂತಗಳಾದ ಆಕ್ಷನ್‌ಗಳಿಗೆ ಪೂರ್ತಿ ಯುಆರ್‌ಎಲ್ ಬರೆಯಿರಿ, ಬರೀ ಹೆಸರನ್ನು ಫೋರ್ಜೆಯೊ ತನ್ನದೇ ಸರ್ವರ್‌ನಲ್ಲಿ ಹುಡುಕುತ್ತದೆ. ವಿಂಡೋಸ್, ಮ್ಯಾಕ್ ಬಿಲ್ಡ್ ಬೇಕಿದ್ದವರು ಸ್ವಂತ ರನ್ನರ್ ಕಟ್ಟಿಕೊಳ್ಳಲಿ. ವುಡ್‌ಪೆಕರ್ ಎಂಬ ಇನ್ನೊಂದು ಸಿಐ ಕೂಡ ಇದೆ, ಅದಕ್ಕೆ ಮೊದಲೇ ಅನುಮತಿ ಕೇಳಬೇಕು.

ಪೈಥಾನ್ ಪ್ಯಾಕೇಜ್ ಬಿಡುವವರು ಎಚ್ಚರ. ಗಿಟ್‌ಹಬ್ ಮೇಲೆ ನಿಂತಿದ್ದ ಪೈಪಿಐ (ಪೈಥಾನ್ ಪ್ಯಾಕೇಜ್ ಭಂಡಾರ) ಟ್ರಸ್ಟೆಡ್ ಪಬ್ಲಿಷಿಂಗ್, ಅಂದರೆ ಟೋಕನ್ ಇಟ್ಟುಕೊಳ್ಳದೆ ಪ್ರಕಟಿಸುವ ಕ್ರಮ, ಇಲ್ಲಿಂದ ನಡೆಯದು, ಎಪಿಐ ಟೋಕನ್‌ಗೇ ಮರಳಬೇಕು. ಗೋ ಮಾಡ್ಯೂಲ್‌ಗಳಲ್ಲಿ ಗಿಟ್‌ಹಬ್ ವಿಳಾಸವೇ ಇಂಪೋರ್ಟ್ ಪಾತ್ ಆಗಿರುವುದರಿಂದ, ಅದನ್ನು ಬದಲಿಸಿದರೆ ಬಳಕೆದಾರರೂ ಬದಲಿಸಿಕೊಳ್ಳಬೇಕಾಗುತ್ತದೆ.

ವೇಗದ ವಿಷಯದಲ್ಲಿ ಪೂರ್ತಿ ಅಂಕ ಕೊಡಲಾಗದು. ಎಐ ಕ್ರಾಲರ್‌ಗಳ ಕಾಟ ತಡೆಯಲು ಅನುಬಿಸ್ ಎಂಬ ತಡೆ ತಂತ್ರಾಂಶ ಹಾಕಿದ್ದರೂ 2025ರಲ್ಲಿ ಸೈಟ್ ಆಗಾಗ ತೆವಳಿದ್ದುಂಟು. ಆದರೂ ಸಿಐ ಹಗುರವಾಗಿರುವ ಲೈಬ್ರರಿಗಳಿಗೆ ಇಲ್ಲಿಗೆ ಬರುವುದು ಧೈರ್ಯದ ಮಾತೇನಲ್ಲ.

ಬಂದ ಮೇಲೆ ಕೆಲಕಾಲ ಕೋಡ್‌ಬರ್ಗ್‌ನಿಂದ ಗಿಟ್‌ಹಬ್‌ಗೆ ಪುಶ್ ಮಿರರ್ (ಬದಲಾವಣೆಗಳನ್ನು ತಾನಾಗಿ ತಳ್ಳುವ ನಕಲು) ಇಡಿ. ಆಮೇಲೆ ಮಿರರ್ ತೆಗೆದು, ಹಳೆಯ ರೆಪೊದ ರೀಡ್‌ಮಿಯಲ್ಲಿ ಹೊಸ ವಿಳಾಸ ಹಾಕಿ, ಕೊನೆಗೆ ಆರ್ಕೈವ್ ಮಾಡಿ. ಮೊದಲೇ ಆರ್ಕೈವ್ ಮಾಡಿದರೆ ಆ ರೆಪೊ ಪುಶ್ ಒಪ್ಪುವುದಿಲ್ಲ, ಮಿರರ್ ಪ್ರತಿ ಸಲವೂ ಎರರ್ ಕೊಡುತ್ತದೆ.