ನಾಟಾಮೈಸಿನ್ 2.5%: ಕುಲುಕದೆ ಬಳಸಿದರೆ ದುಡ್ಡು ದಂಡ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಕರಿಮೆಣಸಿಗೆ ಶೀಘ್ರ ಸೊರಗು ರೋಗದ ಕಾಟ. ಅದಕ್ಕೆ ಕಾರಣವಾದ ಫೈಟಾಫ್ತರಾ ಎಂಬ, ಶಿಲೀಂಧ್ರದಂತೆ ಕಾಣುವ ಸೂಕ್ಷ್ಮಜೀವಿಯನ್ನು ಬಳ್ಳಿಯ ಬುಡದಿಂದ ಪ್ರಯೋಗಾಲಯದಲ್ಲಿ ಬೇರ್ಪಡಿಸಲು ಹೊರಟರೆ, ಟ್ರೈಕೋಡರ್ಮಾ, ಪೆನಿಸಿಲಿಯಂನಂಥ ಶಿಲೀಂಧ್ರಗಳು ಅದಕ್ಕಿಂತ ಮೊದಲೇ ಪ್ಲೇಟ್ ತುಂಬಿಕೊಳ್ಳುತ್ತವೆ. ಅವನ್ನು ತಡೆಯುವುದು ನಾಟಾಮೈಸಿನ್. ಹಳಬರ ಬಾಯಲ್ಲಿ ಪಿಮಾರಿಸಿನ್. 1955ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ನಟಾಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಉತ್ಪನ್ನ ಇದು.

ಶಿಲೀಂಧ್ರಗಳ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಇದು ಅಂಟಿಕೊಳ್ಳುತ್ತದೆ. ಫೈಟಾಫ್ತರಾ ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ, ಹಾಗಾಗಿ ಉಳಿದುಕೊಳ್ಳುತ್ತದೆ. ಈ ವಸ್ತುವಿನ ಬೆಲೆ ಇರುವುದೇ ಅಲ್ಲಿ. ಬಳ್ಳಿಗೆ ಸಿಂಪಡಿಸಬಹುದೇ ಎಂದು ಬೆಳೆಗಾರರು ಕೇಳುವುದುಂಟು. ಬೇಡ, ಸೊರಗು ರೋಗಕ್ಕೆ ಇದರಿಂದ ಏನೂ ಆಗದು. ತೋಟಕ್ಕೆ ಶೇ 1ರ ಬೋರ್ಡೋ ದ್ರಾವಣವೇ ಸರಿ.

ಮಾರುಕಟ್ಟೆಯಲ್ಲಿ ಪುಡಿಯೂ ಸಿಗುತ್ತದೆ, ನೀರಿನಲ್ಲಿ ತೇಲಿಸಿದ ಶೇ 2.5ರ ಮಿಶ್ರಣವೂ ಸಿಗುತ್ತದೆ. ದಿನನಿತ್ಯದ ಕೆಲಸಕ್ಕೆ ಮಿಶ್ರಣವೇ ಅನುಕೂಲ: ಪ್ಲೇಟಿಗೆ ಸುರಿಯುವ ಲೀಟರ್ ಮಾಧ್ಯಮಕ್ಕೆ 10 ಮಿಲಿಗ್ರಾಂ ನಾಟಾಮೈಸಿನ್ ಬೇಕು, ಅಂದರೆ 0.4 ಮಿಲಿಲೀಟರ್. ಆದರೆ ಇದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಗಟ್ಟಿಯಾಗಿ ಕೂತಿರುತ್ತದೆ, ಮೇಲೆ ತಿಳಿನೀರು. ಕುಲುಕದೆ ಪಿಪೆಟ್ ಇಳಿಸಿದರೆ ಬರುವುದು ಬಹುಪಾಲು ಆ ತಿಳಿನೀರೇ. ಮೂರನೆಯ ದಿನ ಪ್ಲೇಟ್ ಹಸಿರಾದಾಗ ಸರಬರಾಜುದಾರರನ್ನು ಬೈಯುವ ಮುಂಚೆ ಇದನ್ನು ನೋಡಿ. ಬಿಳುಪು ಒಂದೇ ಸಮನಾಗುವ ತನಕ ಕುಲುಕಿ, ತಕ್ಷಣ ಅಳೆಯಿರಿ.

ಪುಡಿ ತರಿಸಿದರೆ ವಿಶ್ಲೇಷಣಾ ಪ್ರಮಾಣಪತ್ರದಲ್ಲಿ ನೀರಿನ ಅಂಶ ಓದಲೇಬೇಕು. ಟ್ರೈಹೈಡ್ರೇಟ್ (ನೀರಿನ ಅಣುಗಳು ಸೇರಿದ) ರೂಪದ 100 ಮಿಲಿಗ್ರಾಂನಲ್ಲಿ ನಿಜವಾದ ನಾಟಾಮೈಸಿನ್ ಸುಮಾರು 92.5 ಮಿಲಿಗ್ರಾಂ ಮಾತ್ರ. ಆಹಾರ ಸಂರಕ್ಷಣೆಗೆ ಮಾರುವ ಅಗ್ಗದ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸ್ ಬೆರೆತಿರುವುದು ಸಾಮಾನ್ಯ. ಸಂಶೋಧನೆಗೆ ಅದು ಬೇಡ. ಪುಡಿಯನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ.

ಮಾಧ್ಯಮಕ್ಕೆ ಮೆಕ್ಕೆಜೋಳದ ಹಿಟ್ಟಿನ ಅಗರ್ ಲೀಟರಿಗೆ 17 ಗ್ರಾಂ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್. 50 ಡಿಗ್ರಿಗೆ ಇಳಿದ ಮೇಲೆಯೇ ನಾಟಾಮೈಸಿನ್. ಜೊತೆಗೆ ಲೀಟರಿಗೆ ಬ್ಯಾಕ್ಟೀರಿಯಾ ತಡೆಯುವ ಆಂಪಿಸಿಲಿನ್ 250, ರಿಫಾಂಪಿಸಿನ್ 10, ಶಿಲೀಂಧ್ರನಾಶಕ ಪಿಸಿಎನ್‌ಬಿ 100 ಮಿಲಿಗ್ರಾಂ. ಫೈಟಾಫ್ತರಾದ ಸಂಬಂಧಿಯಾದ ಪಿಥಿಯಂ ಕಾಟವಿದ್ದರೆ ಅದನ್ನು ತಡೆಯುವ ಹೈಮೆಕ್ಸಜೋಲ್ ಸೇರಿಸಿ. ನಾಟಾಮೈಸಿನ್ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದು ಎಂಬುದು ತಪ್ಪು ಲೆಕ್ಕ: ಪ್ರಮಾಣ ಏರಿದರೆ ಫೈಟಾಫ್ತರಾದ ಬೀಜಾಣು ಮೊಳೆಯುವುದೂ ಕುಗ್ಗಬಹುದು. ಬುಡದ ಕಪ್ಪು ಭಾಗ ಆರೋಗ್ಯದ ಭಾಗಕ್ಕೆ ಸೇರುವ ಅಂಚಿನಿಂದ 3–5 ಮಿಲಿಮೀಟರ್ ತುಂಡು ತೆಗೆದು ಅಗರ್‌ನೊಳಗೆ ಒತ್ತಿಡಿ.

ಬೆಳಕು ಇದರ ಶತ್ರು. ಬಾಟಲಿಗೂ ಪ್ಲೇಟಿಗೂ ಅಲ್ಯೂಮಿನಿಯಂ ಹಾಳೆ ಸುತ್ತಿ, ಪ್ಲೇಟ್‌ಗಳನ್ನು ಕತ್ತಲಲ್ಲೇ ಬೆಳೆಯಲು ಬಿಡಿ. ಸಂಗ್ರಹ 2–8 ಡಿಗ್ರಿಯಲ್ಲಿ. ರೈಲಿಲ್ಲದ ಜಿಲ್ಲೆ ನಮ್ಮದು, ಪಾರ್ಸೆಲ್ ಘಟ್ಟದ ರಸ್ತೆಯಲ್ಲೇ ಬರಬೇಕು. ಜುಲೈಯಲ್ಲಿ ಮಣ್ಣು ಕುಸಿದರೆ ದಿನಗಟ್ಟಲೆ ತಡ. ಮೇ ಮುಗಿಯುವುದರೊಳಗೆ ಸಣ್ಣ ಬಾಟಲಿ ತರಿಸಿ, ಐಸ್ ಪ್ಯಾಕ್ ಇನ್ನೂ ತಣ್ಣಗಿದೆಯೇ ಎಂದು ಮುಟ್ಟಿ ನೋಡಿದ ಮೇಲೆಯೇ ಸಹಿ ಹಾಕಿ.