ಹಳೇ ಸಿವಿಕ್‌ಗೆ ಕೆ20 ಕೂರಿಸೋ ಮೌಂಟ್ ಕಿಟ್: ಗಟ್ಟಿ ಇದೆ, ಆದ್ರೆ ಗಡಗಡ

ಫಸ್ಟ್ ಪ್ರಾಜೆಕ್ಟ್ ಅಂತ 1992-95ರ ಹೋಂಡಾ ಸಿವಿಕ್ ಹ್ಯಾಚ್‌ಬ್ಯಾಕ್‌ಗೆ ಹೋಂಡಾದ್ದೇ 2 ಲೀಟರ್ ಕೆ20 ಇಂಜಿನ್ ಹಾಕೋಕೆ ತಗೊಂಡ ಮೌಂಟ್ (ಇಂಜಿನ್ನನ್ನ ಬಾಡಿಗೆ ಹಿಡಿದಿಡೋ ಬ್ರಾಕೆಟ್) ಕಿಟ್ ಇದು. ವೆಲ್ಡಿಂಗ್ ನೀಟಾಗಿದೆ, ಸ್ಟೀಲ್ ದಪ್ಪಗಿದೆ, ಬಾಡಿ ಕತ್ತರಿಸೋ ಗೋಜೇ ಇಲ್ಲ. ಒಂದು ಬೋಲ್ಟ್ ತೂತು ಮಾತ್ರ ಕೂದಲೆಳೆಯಷ್ಟು ಆಚೀಚೆ, ಅರ ಹಾಕಿ ಉಜ್ಜಿದ್ಮೇಲೇ ಕೂತಿದ್ದು, ಇಷ್ಟು ದುಡ್ಡು ಇಸ್ಕೊಂಡು ಇದೇನ್ರೀ ಅನ್ನಿಸ್ತು.

ಕಿಟ್ ಬಂತು, ಇನ್ನೇನು ಮುಗೀತು ಅನ್ಕೋಬೇಡಿ ಮತ್ತೆ. ಕಾರಲ್ಲಿ ಮೊದಲೇ ಇದ್ದ ಹಳೇ ಡಿ ಸೀರೀಸ್ ಇಂಜಿನ್‌ಗೆ ಎಕ್ಸಾಸ್ಟ್ ಮುಂದೆ ರೇಡಿಯೇಟರ್ ಕಡೆ ಇರತ್ತೆ, ಕೆ20ಗೆ ಹಿಂದೆ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ಗೋಡೆ) ಕಡೆ, ಗೇರ್‌ಗೂ ರಾಡ್ ಹೋಗಿ ಕೇಬಲ್ ಬರತ್ತೆ, ಹಾಗಾಗಿ ಹೆಡರ್ (ಇಂಜಿನ್ ಹೊಗೆ ಹೊರಗೊಯ್ಯೋ ಪೈಪ್), ಶಿಫ್ಟರ್, ಆಕ್ಸಲ್, ವೈರಿಂಗ್ ಎಲ್ಲಾ ಬೇರೆನೇ ತರ್ಬೇಕು, ಬಾಕ್ಸ್ ಮೇಲೆ ಇದರ ಸುಳಿವೇ ಇಲ್ಲ.

ಮೌಂಟ್ ಒಳಗೆ ಅದುರೋದು ತಡೆಯೋ ಬುಷ್ ರಬ್ಬರಲ್ಲ, ಅದಕ್ಕಿಂತ ಗಟ್ಟಿಯಾದ ಪಾಲಿಯುರೆಥೇನ್. ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೂ ಇಂಜಿನ್ ಜಗ್ಗಲ್ಲ, ಆದ್ರೆ ಸಿಗ್ನಲ್ಲಲ್ಲಿ ನಿಂತಾಗ ಡ್ಯಾಶ್‌ಬೋರ್ಡ್ ಗಡಗಡ, ಒಳಗಿನ ಕನ್ನಡೀಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣತ್ತೆ (ಹೆಂಡತಿ ಹತ್ತಲ್ಲ ಅಂದ್ಬಿಟ್ಲು). ದಿನಾ ಓಡ್ಸೋರು ಮೆತ್ತಗಿನ ಬುಷ್ ಸಿಕ್ರೆ ಅದನ್ನೇ ತಗೊಳ್ಳಿ. ನನ್ ಕಡೆಯಿಂದ 5ಕ್ಕೆ 3.5.